ತಿದ್ದುವುದು ಬೇರೆ, ಬರೆಯುವುದು ಬೇರೆ

ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಜುಲೈ ತಿಂಗಳು, ಸಾಗರದಲ್ಲಿ ಮಳೆ ಹಿಡಿದು ಕೂತಿತ್ತು. ಕರೆಂಟು ಹೋಗಿ ಎರಡು ದಿನವಾಗಿತ್ತು. ಎಮರ್ಜೆನ್ಸಿ ಲೈಟಿನ ಬೆಳಕಿನಲ್ಲಿ ಕೂತು ಒಂದು ಪುಟ ತುಂಬ ‘ಅ’ ಬರೆದಳು. ಮೊದಲ ಸಾಲು ಚೆನ್ನಾಗಿತ್ತು. ಕೆಳಗೆ ಬರುತ್ತಾ ಬರುತ್ತಾ ಸೊಟ್ಟಗಾಗಿ, ಕೊನೆಯ ಸಾಲಿನಲ್ಲಿ ಅ ಎರೆಹುಳದ ಹಾಗೆ ಮಲಗಿಬಿಟ್ಟಿತ್ತು. “ಏನು ಬರೆದೆ ಪುಟ್ಟಿ, ಓದು ನೋಡೋಣ” ಅಂದೆ. ತಲೆ ಎತ್ತದೆ “ಹೋಂವರ್ಕ್” ಅಂದಳು.

ನಗು ಬಂತು. ರಾತ್ರಿ ಮಲಗಿದ ಮೇಲೆ ಯೋಚನೆಯೂ ಬಂತು. ಅವಳು ಸುಳ್ಳೇನೂ ಹೇಳಿರಲಿಲ್ಲ. ಆ ಆಕಾರದ ಹೆಸರು ಅವಳ ಪಾಲಿಗೆ ಹೋಂವರ್ಕ್ ಅಂತಲೇ. ಅಮ್ಮ ಅನ್ನುವಾಗ ಬಾಯಿಂದ ಮೊದಲು ಹೊರಡುವ ಸದ್ದಿಗೂ ಆ ಗೆರೆಗೂ ಸಂಬಂಧ ಇದೆ ಅಂತ ಅವಳಿಗೆ ಯಾರೂ ತೋರಿಸಿರಲಿಲ್ಲ. ನಾನೂ ತೋರಿಸಿರಲಿಲ್ಲ.

ಅಕ್ಷರ ಕಲಿಸುವುದಕ್ಕೆ ನಾವು ‘ತಿದ್ದಿಸುವುದು’ ಅನ್ನುತ್ತೇವೆ. ಸ್ಲೇಟಿನ ಮೇಲೆ ದೊಡ್ಡದಾಗಿ ಒಂದು ಅಕ್ಷರ ಬರೆದುಕೊಟ್ಟರೆ, ಮಗು ಅದರ ಮೇಲೇ ಬಳಪ ಓಡಿಸುತ್ತದೆ. ಶೃಂಗೇರಿಗೆ ಹೋಗಿ ಅಕ್ಷರಾಭ್ಯಾಸ ಮಾಡಿಸುವಾಗಲೂ ಹಿರಿಯರು ಮಗುವಿನ ಕೈ ಹಿಡಿದು ತಿದ್ದಿಸುತ್ತಾರೆ. ಶುರುವಿಗೆ ಅದು ಚೆಂದವೇ. ಆದರೆ ತಿದ್ದುವುದೇ ಬರೆಯುವುದು ಅಂತ ಅಂದುಕೊಂಡರೆ ಮುಂದಿನ ದಾರಿ ತಪ್ಪುತ್ತದೆ. ಬರೆಯುವಾಗ ಮಗು ಮೂರು ಕೆಲಸವನ್ನು ಒಟ್ಟಿಗೆ ಮಾಡುತ್ತಿರುತ್ತದೆ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಆ ಮಾತನ್ನು ಸದ್ದು ಸದ್ದಾಗಿ ಬಿಡಿಸಿ, ಯಾವ ಸದ್ದಿಗೆ ಯಾವ ಅಕ್ಷರ ಅಂತ ಹುಡುಕಬೇಕು. ಕೊನೆಗೆ ಆ ಅಕ್ಷರದ ಆಕಾರವನ್ನು ಕೈಯಿಂದ ತರಬೇಕು. ಮನೆಯಲ್ಲಿ ನಾವು ಬೆವರು ಸುರಿಸುವುದೆಲ್ಲ ಈ ಕೊನೆಯ ಕೆಲಸಕ್ಕೆ. ತಮಾಷೆ ಏನೆಂದರೆ, ಕಾಯ್ದರೆ ತಾನಾಗೇ ಅರ್ಧ ಸುಲಭವಾಗುವ ಕೆಲಸವೂ ಅದೇ.

ಯಾಕೆ ಅಂದರೆ ಕೈ ಇನ್ನೂ ತಯಾರಾಗುತ್ತಿರುತ್ತದೆ. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಮಗು ಹುಟ್ಟಿದಾಗ ಅವು ಮೂಳೆ ಆಗಿಯೇ ಇರುವುದಿಲ್ಲ. ಕಿವಿಯ ಮೇಲ್ಭಾಗದಂತೆ ಬಾಗುವ ಮೃದುವಾದ ವಸ್ತು ಆಗಿರುತ್ತವೆ. ವರ್ಷ ಕಳೆದಂತೆ ಒಂದೊಂದೇ ಗಟ್ಟಿಯಾಗಲು ಶುರುವಾಗುತ್ತದೆ. ಏಳನೆಯದರ ಸರದಿ ಬರುವ ಹೊತ್ತಿಗೆ ಮಗುವಿಗೆ ಆರೇಳು ವರ್ಷ. ಎಂಟನೆಯದಂತೂ ಹತ್ತರ ಆಸುಪಾಸಿನವರೆಗೆ ತಡೆಯುತ್ತದೆ. ಮಗುವಿನ ಮೂಳೆಯ ವಯಸ್ಸು ತಿಳಿಯಬೇಕಾದಾಗ ಡಾಕ್ಟರು ಕೈಯ ಎಕ್ಸ್‌ರೇ ತೆಗೆಸುವುದು ಇದಕ್ಕೇ.

ಹಿಡಿತವೂ ಹಾಗೇ, ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಒಂದೂವರೆ ವರ್ಷದ ಮಗು ಬಳಪವನ್ನು ಮುಷ್ಟಿಯಲ್ಲಿ ಹಿಡಿದು ಭುಜದಿಂದ ಗೀಚುತ್ತದೆ. ಎರಡು–ಮೂರರಲ್ಲಿ ಬೆರಳುಗಳು ಬಂದರೂ ಕೈ ಪೂರ್ತಿ ಅಲ್ಲಾಡುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಸೇರಿ ಪೆನ್ಸಿಲ್ ಹಿಡಿದು ಬೆರಳು ಮಾತ್ರ ಆಡುವುದು ಸಾಮಾನ್ಯವಾಗಿ ನಾಲ್ಕರಿಂದ ಆರರ ನಡುವೆ. ಆಕಾರಗಳಿಗೂ ಒಂದು ವರಸೆ ಇದೆ. ಎರಡಕ್ಕೆ ನೆಟ್ಟಗಿನ ಗೆರೆ, ಮೂರಕ್ಕೆ ಸುತ್ತು, ನಾಲ್ಕಕ್ಕೆ ಕೂಡಿಸುವ ಗುರುತು, ಆಮೇಲೆ ಚೌಕ, ಐದರ ಹೊತ್ತಿಗೆ ತ್ರಿಕೋನ. ಒಬ್ಬರದು ನಾಲ್ಕು ತಿಂಗಳು ಮುಂದೆ, ಒಬ್ಬರದು ಆರು ತಿಂಗಳು ಹಿಂದೆ ಇರಬಹುದು, ಅದೇನೂ ದೊಡ್ಡ ಮಾತಲ್ಲ.

ಈಗ ‘ಅ’ ನೋಡಿ. ಸುಳಿಯಾಗಿ ಸುತ್ತಿ, ಕೆಳಗೆ ಬಾಗಿ, ಮತ್ತೆ ಮೇಲೆ ಹೋಗಿ, ಕೈ ಎತ್ತದೆ ತಿರುಗಬೇಕು. ಚೌಕವೇ ಬಾರದ ಕೈಗೆ ಇದನ್ನು ಕೊಟ್ಟು ‘ಗೆರೆ ದಾಟಬೇಡ’ ಅನ್ನುತ್ತೇವಲ್ಲ! ಕನ್ನಡದ ಅಕ್ಷರಗಳು ಇಷ್ಟು ದುಂಡಗಾಗಲು ಓಲೆಗರಿ ಕಾರಣ ಅನ್ನುವುದುಂಟು. ಕಂಟ ಅನ್ನುವ ಚೂಪು ಲೋಹದ ಕಡ್ಡಿಯಿಂದ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಅದಕ್ಕೇ ಬಳಸಿ ಬಳಸಿ ಬರೆದರಂತೆ. ಕೆಳದಿಯ ಮ್ಯೂಸಿಯಂನಲ್ಲಿ ಇಟ್ಟಿರುವ ಗರಿಗಳನ್ನು ಮಗಳಿಗೆ ತೋರಿಸಿದಾಗ “ಇವರಿಗೆ ಎಷ್ಟು ಹೋಂವರ್ಕ್ ಇತ್ತು!” ಅಂದಳು.

ಹಾಗಾದರೆ ಕೈಯನ್ನು ತಯಾರು ಮಾಡುವುದು ಹೇಗೆ? ಮಲೆನಾಡಿನ ಮನೆಯಲ್ಲಿ ಇದಕ್ಕೆ ಸಾಮಾನು ಕೊಳ್ಳಬೇಕಾಗಿಲ್ಲ. ಬೇಯಿಸಿದ ಹಲಸಿನ ಬೀಜದ ಬಿಳಿ ಸಿಪ್ಪೆ ಬಿಡಿಸಲಿ. ಬಟಾಣಿ ಸುಲಿಯಲಿ. ಅಕ್ಕಿಯಲ್ಲಿ ಕಲ್ಲು ಆರಿಸಲಿ. ರೊಟ್ಟಿ ಹಿಟ್ಟಿನ ಉಂಡೆಯನ್ನು ಒತ್ತಿ ಒತ್ತಿ ಹಾಳು ಮಾಡಲಿ. ಬಟ್ಟೆಗೆ ಕ್ಲಿಪ್ ಹಾಕಲಿ. ಬಾಳೆನಾರಿನಲ್ಲಿ ಹೂ ಕಟ್ಟುವ ಅಜ್ಜಿಯ ಪಕ್ಕ ಕೂರಲಿ. ಇದರಲ್ಲೆಲ್ಲ ಪೆನ್ಸಿಲ್ ಹಿಡಿಯುವ ಆ ಮೂರು ಬೆರಳುಗಳದ್ದೇ ಕೆಲಸ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಹತ್ತಿರ ಮಾತ್ರ ಬಿಡಬೇಡಿ. ಉದುರಿದ ಅಡಿಕೆ ಹೆಕ್ಕಿ ಬುಟ್ಟಿಗೆ ಹಾಕಿದರೆ ಸಾಕು.

ಮೊದಲ ಗೆರೆಗಳಿಗೆ ಪುಸ್ತಕವೂ ಬೇಡ. ಅಂಗಳದ ಮಣ್ಣು, ಒಲೆಯ ಮಸಿ, ಅಡಿಕೆ ಹಾಳೆ ಇವೆಯಲ್ಲ. (ಮರದಿಂದ ಬೀಳುವುದಕ್ಕೂ ಹಾಳೆ ಅನ್ನುತ್ತೇವೆ, ಕಾಗದಕ್ಕೂ ಹಾಳೆ ಅನ್ನುತ್ತೇವೆ. ಮಗುವಿಗೆ ಇದು ದೊಡ್ಡ ಜೋಕು.) ಗೋಡೆಗೆ ಒಂದು ಕರಿಹಲಗೆ ಹೊಡೆದರೆ ಇನ್ನೂ ಒಳ್ಳೆಯದು. ನಿಂತು, ಕೈ ಎತ್ತಿ ಬರೆಯುವಾಗ ಭುಜ ಮತ್ತು ಮಣಿಕಟ್ಟು ಎರಡಕ್ಕೂ ಬಲ ಬರುತ್ತದೆ. ನಮ್ಮ ಕಡೆಯ ದೀವರ ಮನೆಗಳಲ್ಲಿ ಹಸೆ ಚಿತ್ತಾರ ಬರೆಯುವವರನ್ನು ನೋಡಿದ್ದೀರಾ? ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಕೂದಲೆಳೆಯಂಥ ಗೆರೆ. ಅದಕ್ಕೂ ‘ಬರೆಯುವುದು’ ಅಂತಲೇ ಹೇಳುತ್ತೇವೆ. ಕನ್ನಡದಲ್ಲಿ ಚಿತ್ರಕ್ಕೂ ಅಕ್ಷರಕ್ಕೂ ಒಂದೇ ಕ್ರಿಯಾಪದ ಇರುವುದು ಮಗುವಿನ ಪುಣ್ಯ. ಅದರ ಮಟ್ಟಿಗೆ ಎರಡೂ ಒಂದೇ.

ಸ್ಲೇಟು ಹಳೇ ಕಾಲದ್ದು ಅಂತ ಅಟ್ಟಕ್ಕೆ ಹಾಕಿದವರು ಇಳಿಸಿ ತನ್ನಿ. ಬಳಪದ ತುಂಡು ಚಿಕ್ಕದು, ಮುಷ್ಟಿಯಲ್ಲಿ ಹಿಡಿಯಲು ಬರುವುದೇ ಇಲ್ಲ. ಮೂರು ಬೆರಳು ತಾವಾಗೇ ಮುಂದೆ ಬರುತ್ತವೆ. ಗಾರೆ ನೆಲದಲ್ಲಿ ಜಾರಿದ ಹಾಗೆ ಜಾರುವುದಿಲ್ಲ, ಸ್ಲೇಟು ಸ್ವಲ್ಪ ತಡೆಯುತ್ತದೆ. ಆ ತಡೆಯಿಂದ ಕೈಗೆ ತಾನು ಎಲ್ಲಿ ತಿರುಗುತ್ತಿದ್ದೇನೆ ಅಂತ ಗೊತ್ತಾಗುತ್ತದೆ. ತಪ್ಪಾದರೆ ಒರೆಸಿದರಾಯಿತು, ಗುರುತೇ ಉಳಿಯುವುದಿಲ್ಲ. ನಾವು ನೀರುಕಡ್ಡಿ ಕಿತ್ತು ತಂದು ಒರೆಸುತ್ತಿದ್ದೆವು. ಬರೆಯುವುದಕ್ಕಿಂತ ಒರೆಸುವುದೇ ಜಾಸ್ತಿ ಖುಷಿ ಕೊಡುತ್ತಿತ್ತು. ಮೇಣದ ಬಣ್ಣದ ಕಡ್ಡಿಯಾದರೆ ಎರಡು ತುಂಡು ಮಾಡಿಕೊಡಿ. ಅಂಗಡಿಯಲ್ಲಿ ಸಿಗುವ ಉದ್ದನೆಯ ತೆಳು ಪೆನ್ಸಿಲ್ ನಾಲ್ಕು ವರ್ಷದ ಕೈಗೆ ಅಲ್ಲ. ಕೂರುವಾಗ ಪಾದ ನೆಲಕ್ಕೋ ಮಣೆಗೋ ತಾಗಲಿ. ಕಾಲು ತೂಗಾಡುತ್ತಿದ್ದರೆ ಮೈಯನ್ನು ಹಿಡಿದಿಟ್ಟುಕೊಳ್ಳುವುದಕ್ಕೇ ಅರ್ಧ ಶಕ್ತಿ ಹೋಗುತ್ತದೆ.

ಬಳಪ ತಿನ್ನುವ ಮಕ್ಕಳ ಬಗ್ಗೆ ಒಂದು ಮಾತು. ಒಂದೆರಡು ಸಲ ನೆಕ್ಕಿದರೆ ಬಿಡಿ. ಕದ್ದು ಕದ್ದು ದಿನವೂ ತಿನ್ನುತ್ತಿದ್ದರೆ ಬೈಯಬೇಡಿ, ಡಾಕ್ಟರಿಗೆ ತೋರಿಸಿ. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆ ಆದಾಗ ಮಣ್ಣು, ಬಳಪ ತಿನ್ನಬೇಕು ಅನ್ನಿಸುವುದುಂಟು.

ಇನ್ನು ಅಕ್ಷರ. ಯಾವುದರಿಂದ ಶುರು ಮಾಡಬೇಕು? ಅ ಆ ಇ ಈ ಅನ್ನುವುದೇ ಎಲ್ಲರ ಉತ್ತರ. ವರ್ಣಮಾಲೆಯ ವರಸೆ ನಿಜಕ್ಕೂ ಅದ್ಭುತ. ಕ ಗಂಟಲ ಹತ್ತಿರ ಹುಟ್ಟುತ್ತದೆ, ಅಲ್ಲಿಂದ ಚ, ಟ, ತ ಅಂತ ಮುಂದೆ ಮುಂದೆ ಬಂದು ಪ ತುಟಿಯ ಮೇಲೆ ಬಂದು ನಿಲ್ಲುತ್ತದೆ. ಆದರೆ ಅದು ಬಾಯಿಯ ವರಸೆ, ಕೈಯದ್ದಲ್ಲ. ಹಾಡಲು, ಹೇಳಲು ಅದು ಇರಲಿ. ಬರೆಯಲು ಬೇರೆ ದಾರಿ ಇದೆ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ, ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದ ನಲಿ–ಕಲಿ ಅನ್ನುವ ಕಲಿಕೆಯ ಪದ್ಧತಿಯಲ್ಲಿ ಮೊದಲ ಅಕ್ಷರಗಳು ರ, ಗ, ಸ, ದ, ಅ. ಮೊದಮೊದಲು ನನಗೂ ಇದೇನು ಅವಾಂತರ ಅನ್ನಿಸಿತ್ತು. ಕೂತು ನೋಡಿದರೆ ಲೆಕ್ಕ ಹೊಳೆಯಿತು. ಈ ಐದರಲ್ಲೇ ಸರ, ದರ, ಅರಸ, ಅಗಸ, ಗರಗಸ ಎಲ್ಲ ಆಗುತ್ತದೆ. ಸ್ವರಗಳನ್ನೆಲ್ಲ ಕಲಿತು ಮುಗಿಸಿದ ಮಗುವಿಗೆ ಒಂದು ಪದವನ್ನೂ ಸರಿಯಾಗಿ ಬರೆಯಲು ಬರುವುದಿಲ್ಲ. ಐದೇ ಅಕ್ಷರ ಕಲಿತ ಮಗು ಗರಗಸ ಬರೆಯುತ್ತದೆ. ರ ಅಂದರೆ ಒಂದು ಸುತ್ತು, ಗ ಅಂದರೆ ಒಂದು ಕಮಾನು. ಮೇಲೊಂದು ತಲೆಕಟ್ಟು ಹಾಕಿದರೆ ಮುಗಿಯಿತು. ಮೂರು ವರ್ಷಕ್ಕೆ ಬಂದ ಸುತ್ತು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಅಕ್ಷರಗಳ ನೆಂಟಸ್ತನ ತೋರಿಸಿದರೆ ಅರ್ಧ ಹೊರೆ ಇಳಿಯುತ್ತದೆ. ದ ಬಂದ ಮೇಲೆ ಅದರ ಹೊಟ್ಟೆಯ ಕೆಳಗೆ ಒಂದು ಸೀಳು ಹಾಕಿದರೆ ಧ. ಅದೇ ಸೀಳು ‘ಡ’ಗೆ ಹಾಕಿದರೆ ಢ, ‘ಬ’ಗೆ ಹಾಕಿದರೆ ಭ, ‘ಪ’ಗೆ ಹಾಕಿದರೆ ಫ. ಸದ್ದು ಜೋರಾದಾಗ, ಉಸಿರು ಹೊರಗೆ ಬಂದಾಗ ಸೀಳು ಬರುತ್ತದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಬ, ಭ ಅಂತ ಹೇಳಿಸಿ. ಭ ಅಂದಾಗ ಗಾಳಿ ತಾಗುವುದನ್ನು ಮಗು ತಾನೇ ಕಂಡುಕೊಳ್ಳುತ್ತದೆ.

ಕನ್ನಡದ ನಿಜವಾದ ಗುಡ್ಡ ಇರುವುದು ವರ್ಣಮಾಲೆಯಲ್ಲಿ ಅಲ್ಲ, ಕಾಗುಣಿತದಲ್ಲಿ. ಅಕ್ಷರ 49 ಅಂತ ಹೇಳುತ್ತೇವೆ. ಆದರೆ 34 ವ್ಯಂಜನಗಳಿಗೆ ಒಂದೊಂದಕ್ಕೆ 15 ರೂಪ. ಅಲ್ಲಿಗೆ 510 ಆಯಿತು, ಒತ್ತಕ್ಷರ ಇನ್ನೂ ಬಾಕಿ. 26 ಅಕ್ಷರದ ಇಂಗ್ಲಿಷ್ ಜೊತೆ ಹೋಲಿಸಿ ‘ಪಕ್ಕದ ಮನೆಯ ಮಗು ಎಬಿಸಿಡಿ ಮುಗಿಸಿತು, ನಮ್ಮದು ಇನ್ನೂ ಕಾಗುಣಿತದಲ್ಲೇ ಇದೆ’ ಅಂತ ಕೊರಗುವವರು ಈ ಲೆಕ್ಕ ಮಾಡಬೇಕು. ಕನ್ನಡ ಕಲಿಯುವ ಮಕ್ಕಳನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ 2007ರಲ್ಲಿ ಬರೆದದ್ದೂ ಇದನ್ನೇ. ನಮ್ಮ ಲಿಪಿಯನ್ನು ಪೂರ್ತಿ ಹಿಡಿತಕ್ಕೆ ತಂದುಕೊಳ್ಳಲು ಮಕ್ಕಳಿಗೆ ಮೊದಲೆರಡು ತರಗತಿ ಸಾಲುವುದಿಲ್ಲ, ನಾಲ್ಕನೇ ತರಗತಿಯವರೆಗೂ ಕಲಿಕೆ ನಡೆದೇ ಇರುತ್ತದೆ. ಯುಕೆಜಿಯಲ್ಲಿ ಕಾಗುಣಿತ ಮುಗಿಸಿದೆವು ಅಂದರೆ ಬಾಯಿಪಾಠ ಮುಗಿಯಿತು ಅಂತ ಅರ್ಥ, ಅಷ್ಟೇ.

ಸಮಾಧಾನದ ಸಂಗತಿ ಏನೆಂದರೆ 15 ರೂಪಕ್ಕೆ 15 ಗುರುತು ಇಲ್ಲ. ಗುಡಿಸು, ಕೊಂಬು, ಏತ್ವ, ದೀರ್ಘ ಹೀಗೆ ಕೆಲವೇ ತುಂಡುಗಳು. ಅವನ್ನೇ ಜೋಡಿಸಿ ಜೋಡಿಸಿ ಆಡುತ್ತೇವೆ. ಕಿಯ ಪಕ್ಕ ದೀರ್ಘ ಇಟ್ಟರೆ ಕೀ. ಅದೇ ದೀರ್ಘವನ್ನು ಕೆ ಪಕ್ಕ ಇಟ್ಟರೆ ಕೇ, ಕೊ ಪಕ್ಕ ಇಟ್ಟರೆ ಕೋ. ಕೊ ಅನ್ನುವುದೂ ಹೊಸದಲ್ಲ, ಕೆಯ ತಲೆ ಮತ್ತು ಕೂ ಬಾಲ ಸೇರಿದ್ದು. ನಾನು ರಟ್ಟಿನಲ್ಲಿ ಈ ತುಂಡುಗಳನ್ನು ಕತ್ತರಿಸಿಕೊಟ್ಟೆ. ಮಳೆ ರಜೆಯ ಒಂದು ಮಧ್ಯಾಹ್ನ ಪೂರ್ತಿ ಮಗಳು ಅಕ್ಷರಗಳಿಗೆ ಟೋಪಿ, ಬಾಲ ಬದಲಾಯಿಸುತ್ತಾ ಕೂತಳು. ಅವಳ ಪಾಲಿಗೆ ತಲೆಕಟ್ಟು ಟೋಪಿ. “‘ಬ’ಗೆ, ‘ಲ’ಗೆ ಯಾಕೆ ಟೋಪಿ ಇಲ್ಲ?” ಅಂತ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಟೋಪಿ ಇಲ್ಲದವರ ಪಟ್ಟಿ ಮಾಡೋಣ ಅಂದೆ. ಖ, ಜ, ಟ, ಣ ಸಿಕ್ಕವು.

ಗೊಂದಲ ಆಗುವ ಜಾಗಗಳು ನಿಮಗೆ ಮೊದಲೇ ಗೊತ್ತಿದ್ದರೆ ಒಳ್ಳೆಯದು. ಪು ಮತ್ತು ವುಗಳ ಕೊಂಬು ಬೇರೆ ಅಕ್ಷರಗಳಂತೆ ಪಕ್ಕಕ್ಕೆ ಹೋಗದೆ ಕೆಳಕ್ಕೆ ಇಳಿಯುತ್ತದೆ. ಪಕ್ಕಕ್ಕೆ ಹಾಕಿದರೆ ವು ಅನ್ನುವುದು ಮ ಥರ ಕಂಡುಬಿಡುತ್ತದೆ. ಒತ್ತುಗಳಲ್ಲಿ ಹೆಚ್ಚಿನವು ಅದೇ ಅಕ್ಷರದ ಮರಿಗಳು. ಆದರೆ ತ, ನ, ಮ, ಯ, ರ, ಲಗಳ ಒತ್ತು ತಾಯಿಯ ಹಾಗೆ ಇಲ್ಲವೇ ಇಲ್ಲ. ಇವನ್ನು ಮಾತ್ರ ಬೇರೆಯಾಗಿ ಪರಿಚಯ ಮಾಡಿಸಬೇಕು.

ಇಲ್ಲೊಂದು ವಿಚಿತ್ರ ನೋಡಿ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅತ್ತೆ. ಮಗುವಿಗೆ ಬರೆಯಬೇಕು ಅನ್ನಿಸುವ ಮೊದಲ ಪದಗಳಲ್ಲೆಲ್ಲ ಒತ್ತಕ್ಷರ ಇದೆ. ಪಾಠದಲ್ಲಿ ಒತ್ತಕ್ಷರ ಕೊನೆಗೆ ಬರುತ್ತದೆ. ಅಲ್ಲಿಯವರೆಗೆ ಅಮ್ಮನನ್ನು ಬರೆಯದೆ ಕಾಯಬೇಕಾ? ಬೇಡ. ತನ್ನ ಹೆಸರು, ಅಮ್ಮ, ಅಜ್ಜಿ, ಇಂಥ ನಾಲ್ಕು ಪದಗಳನ್ನು ಪೂರ್ತಿ ಚಿತ್ರದ ಹಾಗೆ ಕೊಡಿ. ಅಕ್ಷರ ಬಿಡಿಸುವುದು ಆಮೇಲೆ.

ಚುಕ್ಕಿ ಸೇರಿಸುವ ಪುಸ್ತಕಗಳ ಬಗ್ಗೆ ನನ್ನ ತಕರಾರು ಇದೆ. ರಂಗೋಲಿಗೆ ಚುಕ್ಕಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಅಕ್ಷರಕ್ಕೆ ಒಂದೆರಡು ದಿನ ಸಾಕು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕಾರಿನ್ ಜೇಮ್ಸ್ ಮತ್ತು ಜೊತೆಗಾರರು 2012ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಇನ್ನೂ ಓದಲು ಬಾರದ ಐದು ವರ್ಷದ ಸುಮಾರಿನ ಮಕ್ಕಳಿಗೆ ಇಂಗ್ಲಿಷ್ ಅಕ್ಷರಗಳನ್ನು ಮೂರು ರೀತಿ ಅಭ್ಯಾಸ ಮಾಡಿಸಿದರು. ಕೆಲವನ್ನು ನೋಡಿ ಸ್ವಂತವಾಗಿ ಬರೆದರು, ಕೆಲವನ್ನು ಚುಕ್ಕಿ ಗೆರೆಯ ಮೇಲೆ ತಿದ್ದಿದರು, ಕೆಲವನ್ನು ಕೀಬೋರ್ಡಿನಲ್ಲಿ ಒತ್ತಿದರು. ಆಮೇಲೆ ಅಕ್ಷರ ತೋರಿಸಿ ಸ್ಕ್ಯಾನರಿನಲ್ಲಿ ಮೆದುಳು ನೋಡಿದಾಗ, ಓದುವಾಗ ಕೆಲಸ ಮಾಡುವ ಭಾಗಗಳು ಹೆಚ್ಚು ಚುರುಕಾದದ್ದು ಸ್ವಂತವಾಗಿ ಬರೆದ ಅಕ್ಷರಗಳಿಗೆ. ಸ್ವಂತ ಬರೆದಾಗ ಒಂದೊಂದು ಸಲ ಒಂದೊಂದು ಥರ ಸೊಟ್ಟ ಬರುತ್ತದೆ. ಈ ಸೊಟ್ಟಗಳನ್ನೆಲ್ಲ ನೋಡಿ ನೋಡಿಯೇ ಮಗುವಿಗೆ ಯಾವುದು ಇದ್ದರೆ ಅದು ಗ, ಯಾವುದು ಇಲ್ಲದಿದ್ದರೂ ನಡೆಯುತ್ತದೆ ಅಂತ ತಿಳಿಯುತ್ತದೆ ಅನ್ನುವುದು ಅವರ ವಿವರಣೆ. ಅಂದರೆ ನಾವು ರಬ್ಬರ್ ಹಾಕಿ ಅಳಿಸುವ ಸೊಟ್ಟ ಗ ಇದೆಯಲ್ಲ, ಕಲಿಸುತ್ತಿರುವುದು ಅದೇ.

‘ತಿದ್ದು’ ಅನ್ನುವ ಮಾತಿಗೆ ನಮ್ಮಲ್ಲಿ ಇನ್ನೊಂದು ಅರ್ಥವೂ ಇದೆ. ಅದರಲ್ಲಿ ಎಡವುವವರು ಮಕ್ಕಳಲ್ಲ, ನಾವು. ಐದು ವರ್ಷದ ಮಗು ತಾನೇ ಮಾತು ಕಟ್ಟಿ ಬರೆಯಲು ಹೊರಟಾಗ ‘ಮಳೆ’ ‘ಮಳ’ ಆಗುತ್ತದೆ, ‘ಅಜ್ಜಿ’ ‘ಅಜಿ’ ಆಗುತ್ತಾಳೆ. ಕೆಂಪು ಪೆನ್ನು ಹಿಡಿದರೆ ಅಲ್ಲಿಗೆ ಮುಗಿಯಿತು. ಮುಂದಿನ ಸಲ ಅದು ತನಗೆ ಗೊತ್ತಿರುವ ‘ಸರ’ ಮಾತ್ರ ಬರೆಯುತ್ತದೆ. ಆ ತಪ್ಪುಗಳನ್ನು ಸುಮ್ನೆ ಒಂದು ಸಲ ಓದಿ ನೋಡಿ, ಕಿವಿ ಎಷ್ಟು ಚುರುಕು ಅಂತ ಗೊತ್ತಾಗುತ್ತದೆ. ನನ್ನ ಮಗಳು ‘ಹುಡುಗ’ ಅನ್ನುವುದನ್ನು ‘ಹುಡಗ’ ಅಂತ ಬರೆಯುತ್ತಿದ್ದಳು. ಸರಿಯಾಗೇ ಇದೆ. ನಮ್ಮ ಮನೆಯಲ್ಲಿ ಯಾರು ‘ಹುಡುಗ’ ಅನ್ನುತ್ತಾರೆ? ಎಲ್ಲರೂ ‘ಹುಡ್ಗ’. ನಡುವಿನ ಕೊಂಬು ಬಾಯಲ್ಲಿ ಇಲ್ಲದ್ದು, ಕೈಯಲ್ಲಿ ಎಲ್ಲಿಂದ ಬರಬೇಕು? ಒತ್ತು ಬಿಟ್ಟುಹೋದರೆ ಚಪ್ಪಾಳೆ ತಟ್ಟಿಸಿ. ‘ಅಜ್–ಜಿ’. ಜ ಎರಡು ಸಲ ಬಂತಲ್ವಾ, ಒಂದು ಎಲ್ಲಿ ಹೋಯಿತು? ಮನೆಮಾತು ಉರ್ದುವೋ ತುಳುವೋ ಕೊಂಕಣಿಯೋ ಲಂಬಾಣಿಯೋ ಆಗಿದ್ದರೆ, ಮನೆಮಾತಿನಲ್ಲೇ ಕಥೆ ಹೇಳಿಸಿ. ಹೇಳುವುದು ಬಂದ ಮಗುವಿಗೆ ಬರೆಯಲು ಏನಾದರೂ ಇರುತ್ತದೆ.

ಮಗು ಬರೆಯಲು ಕಾರಣ ಬೇಕು, ಅದೇ ಮುಖ್ಯ. ನಮ್ಮಲ್ಲಿ ತೋಟದ ಮನೆಗಳವರು ಮಳೆಮಾಪಕ ಇಟ್ಟು, ಬೆಳಗ್ಗೆ ಎದ್ದು ಎಷ್ಟು ಮಿಲಿಮೀಟರ್ ಅಂತ ಪುಸ್ತಕದಲ್ಲಿ ಬರೆದಿಡುವುದುಂಟು. ಆ ಪುಸ್ತಕವನ್ನು ಮಗುವಿನ ಕೈಗೆ ಕೊಡಿ. ಅಂಕಿ, ಪಕ್ಕದಲ್ಲಿ ‘ಮಳೆ’ ಅಂತ ಒಂದೇ ಪದ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಸುರಿಯುವ ಆಗುಂಬೆಯಂಥ ಕಡೆ ಕಾಪಿ ಬರೆಸುವ ಅಗತ್ಯವೇ ಬೀಳುವುದಿಲ್ಲ! ಸಂತೆಗೆ ಹೋಗುವ ಚೀಟಿ, ಕೊಡೆಯ ಮೇಲೆ ಹೆಸರು, ಉಪ್ಪಿನಕಾಯಿ ಜಾಡಿಗೆ ಅಂಟಿಸುವ ಕಾಗದ, ಅಜ್ಜನಿಗೆ ಎರಡು ಸಾಲು. ಮೊದಮೊದಲು ಮಗು ಹೇಳಲಿ, ನೀವು ಅದರ ಕಣ್ಣೆದುರೇ ಬರೆಯಿರಿ. ತಾನಾಡಿದ ಮಾತು ಕಾಗದದ ಮೇಲೆ ಇಳಿಯುವುದನ್ನು ನೋಡಿದ ಮಗುವಿಗೆ ಅಕ್ಷರ ಯಾಕೆ ಬೇಕು ಅಂತ ಬೇರೆ ಹೇಳಬೇಕಾಗಿಲ್ಲ. ದಿನಕ್ಕೆ ಹತ್ತು ನಿಮಿಷ ಸಾಕು. ಆಕಳಿಕೆ ಬಂದರೆ ಐದೇ.

ಹೆದರುವ ಅಗತ್ಯ ಇಲ್ಲದ ಸಂಗತಿಗಳು ಕೆಲವು. ಅಕ್ಷರ, ಅಂಕಿ ಕನ್ನಡಿಯಲ್ಲಿ ಕಂಡಂತೆ ತಿರುಗಿ ಬರುವುದು ಏಳರವರೆಗೂ ಮಾಮೂಲು. ಲೋಟ ಎಡಕ್ಕೆ ತಿರುಗಿದ್ದರೂ ಬಲಕ್ಕೆ ತಿರುಗಿದ್ದರೂ ಲೋಟವೇ ಅಂತ ಕಲಿತ ಮೆದುಳಿಗೆ, ಅಕ್ಷರಕ್ಕೆ ಮಾತ್ರ ದಿಕ್ಕು ಇದೆ ಅಂತ ಒಪ್ಪಿಕೊಳ್ಳಲು ಹೊತ್ತು ಬೇಕು. ಎಡಗೈ ಬಳಸುವ ಮಗುವನ್ನು ಬಲಕ್ಕೆ ತಿರುಗಿಸಬೇಡಿ. ಹತ್ತರಲ್ಲಿ ಒಬ್ಬರು ಹಾಗೆ ಇರುತ್ತಾರೆ. ಊಟದ ಕೈ ವಿಚಾರದಲ್ಲಿ ಅಜ್ಜಿಯ ಜೊತೆ ಜಗಳ ಆಗಬಹುದು, ಬರೆಯುವ ಕೈ ವಿಚಾರದಲ್ಲಾದರೂ ಗೆಲ್ಲಿ. ಕಾಗದವನ್ನು ಬಲಕ್ಕೆ ಸ್ವಲ್ಪ ಓರೆ ಮಾಡಿಟ್ಟರೆ, ಬರೆದದ್ದು ಅದಕ್ಕೆ ಕಾಣುತ್ತದೆ. ಏಳು ದಾಟಿದ ಮೇಲೂ ತಿರುಗಿಸಿ ಬರೆಯುವುದು ಕಡಿಮೆಯಾಗದಿದ್ದರೆ, ಎರಡು ಸಾಲಿಗೇ ಕೈ ನೋವು ಅಂತ ಅತ್ತರೆ, ಸದ್ದಿಗೂ ಅಕ್ಷರಕ್ಕೂ ಗಂಟು ಬೀಳುತ್ತಲೇ ಇಲ್ಲ ಅನ್ನಿಸಿದರೆ ಮಕ್ಕಳ ಡಾಕ್ಟರನ್ನು ಕೇಳಿ. ಕಣ್ಣು, ಕಿವಿಯ ಪರೀಕ್ಷೆಯೂ ಆಗಲಿ. ಅದಕ್ಕೆ ಮೊದಲು ಅವಸರ ಬೇಡ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿ ಹಂತ ಅಂತ ಎಣಿಸುತ್ತದೆ.

ಹೋಂವರ್ಕ್ ಅಂದಿದ್ದ ಮಗಳಿಗೆ ಐದೂವರೆ ಆದಾಗ, ಒಂದು ಸಂಜೆ ಅಡುಗೆ ಮನೆಯ ಬಾಗಿಲಿಗೆ ಚೀಟಿ ಅಂಟಿತ್ತು. ‘ಅಮ ಬಾಗಲು ಹಕು ಮಳ ಬತು’. ಬಾಗಿಲು ಹಾಕಿದೆ. ತಪ್ಪು ತೋರಿಸಲಿಲ್ಲ. ಅದರ ಕೆಳಗೇ ‘ಅಮ್ಮ ಬಾಗಿಲು ಹಾಕಿದಳು. ಮಳೆ ಬಂತು. ಕೊಡೆ ಎಲ್ಲಿ?’ ಅಂತ ಬರೆದು ಅಲ್ಲೇ ಬಿಟ್ಟೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು. ‘ಮಳೆ’ ಸರಿಯಾಗಿತ್ತು. ‘ಅಮ್ಮ’ನಿಗೆ ಒತ್ತು ಬಂದಿತ್ತು, ಕೆಳಗಿನ ಬದಲು ಪಕ್ಕಕ್ಕೆ. ಕೊಡೆ ಸ್ಕೂಲಿನಲ್ಲೇ ಉಳಿದಿತ್ತು.